ಲಸಿಕೆ, ಜ್ವರ, ಗಂಟು, ಗಾಬರಿ: ಪದೇ ಪದೇ ಕೇಳುವ ಪ್ರಶ್ನೆಗಳು

28 ವರ್ಷ ಹಳ್ಳಿಗಳಲ್ಲಿ ಸಿಸ್ಟರ್ ಆಗಿದ್ದೆ. ಗುರುವಾರ ಬಂತು ಅಂದರೆ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಅಂಗನವಾಡಿಗೆ ಹೊರಡುವುದು. ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ, ಪ್ರಶ್ನೆಗಳು ಮಾತ್ರ ನಿಂತಿಲ್ಲ. ಮೊದಲು ಜಗಲಿ ಮೇಲೆ ಕೂತು ಕೇಳುತ್ತಿದ್ದರು, ಈಗ ವಾಟ್ಸಾಪ್‌ನಲ್ಲಿ ಕೇಳುತ್ತಾರೆ, ಅದೂ ರಾತ್ರಿ ಹತ್ತು ಗಂಟೆ ಮೇಲೆ. ಒಂದೊಂದಕ್ಕೂ ಬೇರೆ ಬೇರೆ ಉತ್ತರ ಟೈಪ್ ಮಾಡಿ ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮಗುವಿಗೆ ಬೇರೆ ಕಾಯಿಲೆ ಏನಾದರೂ ಇದ್ದರೆ ಡಾಕ್ಟರ್ ಮಾತೇ ಕೊನೆ.

ನೇರವಾಗಿ ಹೇಳಿ ಸಿಸ್ಟರ್, ಲಸಿಕೆಯಿಂದ ತೊಂದರೆ ಆಗುತ್ತೋ ಇಲ್ವೋ?

ಆಗುತ್ತೆ. ಸಣ್ಣಪುಟ್ಟದ್ದು ಸುಮಾರು ಮಕ್ಕಳಿಗೆ ಆಗುತ್ತದೆ, ದೊಡ್ಡದು ತೀರಾ ಅಪರೂಪಕ್ಕೆ. "ಏನೂ ಆಗಲ್ಲ, ಸುಮ್ನೆ ಹಾಕಿಸ್ಕೊಳ್ಳಿ" ಅನ್ನುವವರನ್ನೂ ನಾನು ನಂಬುವುದಿಲ್ಲ, "ಲಸಿಕೆ ಅಂದ್ರೆ ವಿಷ" ಅನ್ನುವವರನ್ನೂ ನಂಬುವುದಿಲ್ಲ. ಯಾವ ಲಸಿಕೆ, ಏನಾಯ್ತು, ಹಾಕಿಸಿದ ಎಷ್ಟು ದಿನಕ್ಕೆ ಆಯ್ತು, ಎಷ್ಟು ಜನರಲ್ಲಿ ಒಬ್ಬರಿಗೆ ಹಾಗಾಗುತ್ತೆ? ಇಷ್ಟು ಕೇಳಿಕೊಳ್ಳದೆ ಜಗಳ ಆಡಿದರೆ ಬೆಳಗಾಗುವವರೆಗೂ ಆಡಬಹುದು.

ಒಂದೂವರೆ ತಿಂಗಳ ಸೂಜಿ ಹಾಕಿಸಿದ ರಾತ್ರಿ ಮಗು ಮಲಗಲೇ ಇಲ್ಲ. ಮೈ ಬಿಸಿ, ತೊಡೆ ಕೆಂಪು. ಇದು ಸಹಜವಾ?

ಸಹಜ. ಸರ್ಕಾರಿ ಲಸಿಕೆ ದಿನ ಹಾಕುವ ಪೆಂಟಾದಲ್ಲಿ ಐದು ರೋಗಗಳ ಲಸಿಕೆ ಸೇರಿದೆ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಕಾಮಾಲೆಯ ಹೆಪಟೈಟಿಸ್ ಬಿ, ಮತ್ತು ನ್ಯುಮೋನಿಯಾ, ಮೆದುಳು ಜ್ವರ ತರುವ ಹಿಬ್. ಜ್ವರಕ್ಕೆ ಜಾಸ್ತಿ ಕಾರಣ ನಾಯಿಕೆಮ್ಮಿನ ಭಾಗ. ಕೊಂದ ಬ್ಯಾಕ್ಟೀರಿಯಾವನ್ನು ಇಡಿಯಾಗಿ ಹಾಕಿರುತ್ತಾರೆ, ಮೈ ಜೋರಾಗಿಯೇ ತಿರುಗಿ ಬೀಳುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಪ್ಯಾರಾಸಿಟಮಾಲ್ ಕೊಡಬಹುದು, ಮಗುವಿನ ತೂಕ ನೋಡಿ ಸಿಸ್ಟರ್ ಹೇಳಿದಷ್ಟೇ. ಜ್ವರ ಬರುವ ಮೊದಲೇ ಕುಡಿಸುವುದು ಬೇಡ. ಸೂಜಿ ಚುಚ್ಚಿದ ಜಾಗ ಉಜ್ಜಬೇಡಿ. ಅರಿಶಿನ, ಸುಣ್ಣ, ಹರಳೆಣ್ಣೆ ಏನೂ ಹಚ್ಚಬೇಡಿ. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟರೆ ಸಾಕು. ತೊಡೆಯಲ್ಲಿ ಸಣ್ಣ ಗಟ್ಟಿ ಗಂಟು ಕೆಲವು ವಾರ ಉಳಿಯಬಹುದು, ಅದರಷ್ಟಕ್ಕೇ ಕರಗುತ್ತದೆ.

ಎರಡು ವಿಷಯ ತಾಯಂದಿರನ್ನು ವಿಪರೀತ ಹೆದರಿಸುತ್ತವೆ. ಒಂದು ಬಿಸಿಜಿ, ಅಂದರೆ ಕ್ಷಯರೋಗದ ಲಸಿಕೆ. ಹುಟ್ಟಿದಾಗ ಎಡತೋಳಿಗೆ ಹಾಕಿದ್ದು ಅವತ್ತು ಏನೂ ಮಾಡುವುದಿಲ್ಲ. ಬಾಣಂತಿ ತವರಲ್ಲಿ ಆರಾಮಾಗಿರುವಾಗ, ಮೂರು ನಾಲ್ಕು ವಾರ ಕಳೆದು, ಅಲ್ಲಿ ಗುಳ್ಳೆ ಎದ್ದು, ಕೀವಾಗಿ, ಒಡೆದು, ಒಣಗಿ, ಕಲೆ ಉಳಿಯುತ್ತದೆ. ಅದು ಲಸಿಕೆ ತನ್ನ ಕೆಲಸ ಮಾಡುವ ರೀತಿ. ಎಷ್ಟೋ ಅಜ್ಜಿಯರು ಅದಕ್ಕೆ ಔಷಧಿ ಅರೆದು ಹಚ್ಚಿ ಗಾಯ ದೊಡ್ಡದು ಮಾಡಿದ್ದನ್ನು ನೋಡಿದ್ದೇನೆ. ಇನ್ನೊಂದು ಎಂಆರ್, ಅಂದರೆ ದಡಾರ-ರುಬೆಲ್ಲಾ. ಇದರ ಜ್ವರ ಅವತ್ತೇ ಬರದೆ ಏಳರಿಂದ ಹನ್ನೆರಡನೇ ದಿನದ ಹೊತ್ತಿಗೆ ಬರುತ್ತದೆ. ಒಂದಿಷ್ಟು ದದ್ದು ಏಳಬಹುದು. ಅಷ್ಟರಲ್ಲಿ ಸೂಜಿ ಹಾಕಿಸಿದ್ದೇ ಮರೆತುಹೋಗಿರುತ್ತೆ.

ಪ್ರೈವೇಟ್‌ನಲ್ಲಿ "ಪೇನ್‌ಲೆಸ್" ಹಾಕಿಸಿದರೆ ಒಳ್ಳೆಯದಾ?

ಸೂಜಿ ಎರಡರಲ್ಲೂ ಚುಚ್ಚುತ್ತದೆ, ಹೆಸರು ಮಾತ್ರ ಚೆನ್ನಾಗಿದೆ. "ಪೇನ್‌ಲೆಸ್"ನಲ್ಲಿ ನಾಯಿಕೆಮ್ಮಿನ ಇಡೀ ಬ್ಯಾಕ್ಟೀರಿಯಾ ಬದಲು ಅದರ ಕೆಲವು ತುಣುಕು ಮಾತ್ರ ಇರುತ್ತವೆ. ಆದ್ದರಿಂದ ಜ್ವರ, ಊತ ಕಡಿಮೆ. ಆದರೆ ನಾಯಿಕೆಮ್ಮಿನ ವಿರುದ್ಧ ಅದರ ರಕ್ಷಣೆ ಬೇಗ ಕುಗ್ಗುತ್ತದೆ ಅನ್ನುವುದು ಅದನ್ನೇ ಬಳಸಿದ ದೇಶಗಳ ಅನುಭವ. ಒಂದು ರಾತ್ರಿಯ ನಿದ್ದೆ ಉಳಿಸಲು ಸಾವಿರಾರು ರೂಪಾಯಿ ಕೊಡುವುದು ನಿಮ್ಮ ಇಷ್ಟ. ನನ್ನ ಮೊಮ್ಮಗನಿಗೆ ಸರ್ಕಾರಿ ಪೆಂಟಾನೇ ಹಾಕಿಸಿದೆವು. ಆ ರಾತ್ರಿ ಅವನ ಜೊತೆ ನಾನೂ ಎದ್ದಿದ್ದೆ.

ಯಾವಾಗ ಆಸ್ಪತ್ರೆಗೆ ಓಡಬೇಕು?

ಉಸಿರಾಟ ಕಷ್ಟ, ತುಟಿ-ಮುಖ ಊತ, ಮೈತುಂಬಾ ದದ್ದು, ಮಗು ಬಟ್ಟೆಯ ಹಾಗೆ ಜೋತು ಬೀಳುವುದು, ಫಿಟ್ಸ್, ಮೂರು ಗಂಟೆಗೂ ಮೀರಿ ಬಿಡದೆ ಅಳು, ಎರಡು ದಿನ ದಾಟಿದರೂ ಇಳಿಯದ ಜ್ವರ, ಸೂಜಿ ಜಾಗದಲ್ಲಿ ಕೀವು. ಭೇದಿ ತಡೆಯಲು ಬಾಯಿಗೆ ಹಾಕುವ ರೋಟಾ ಹನಿಯ ನಂತರದ ದಿನಗಳಲ್ಲಿ ಮಗು ಕಾಲು ಹೊಟ್ಟೆಗೆ ಎಳೆದುಕೊಂಡು ಬಿಟ್ಟು ಬಿಟ್ಟು ಚೀರಿದರೆ, ಪದೇ ಪದೇ ವಾಂತಿ ಮಾಡಿದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡಲೇಬೇಡಿ. ಕರುಳು ಒಂದರೊಳಗೊಂದು ಸಿಕ್ಕಿಕೊಂಡಿರಬಹುದು. ಇದು ತುಂಬಾ ಅಪರೂಪ, ಲಸಿಕೆ ಹಾಕಿಸದ ಮಕ್ಕಳಿಗೂ ಆಗುವಂಥದ್ದು. ಬೇಗ ಕರೆದುಕೊಂಡು ಹೋದರೆ ಸರಿಹೋಗುತ್ತದೆ.

ಫಿಟ್ಸ್ ಬಗ್ಗೆ ಒಂದು ಮಾತು. ದಡಾರ ಇರುವ ಲಸಿಕೆಯ ನಂತರ ಜ್ವರದಿಂದ ಫಿಟ್ಸ್ ಬರುವುದು ಸುಮಾರು 3,000ದಿಂದ 4,000 ಡೋಸ್‌ಗೆ ಒಂದು. ನೋಡುವವರ ಎದೆ ನಡುಗುತ್ತದೆ ನಿಜ. ಆದರೆ ಇಂಥ ಜ್ವರದ ಫಿಟ್ಸ್ ಮೆದುಳಿಗೆ ಹಾನಿ ಮಾಡುವುದಿಲ್ಲ. ಲಸಿಕೆಯ ಮಾತು ಬಿಟ್ಟರೂ, ಐದು ವರ್ಷದೊಳಗಿನ 100 ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಯಾವುದಾದರೂ ಜ್ವರದಲ್ಲಿ ಒಮ್ಮೆಯಾದರೂ ಹೀಗೆ ಬರುತ್ತದೆ.

ಅರ್ಧ ಗಂಟೆ ಯಾಕೆ ಕೂರಿಸ್ತೀರಿ? ಹೊಲದಲ್ಲಿ ಕೆಲಸ ಇದೆ.

ಅಲರ್ಜಿಗಾಗಿ. ಇಡೀ ಮೈ ಕುಸಿಯುವಂಥ ಅಲರ್ಜಿ ಸುಮಾರು ಹತ್ತು ಲಕ್ಷ ಡೋಸ್‌ಗೆ ಒಂದು. 28 ವರ್ಷದಲ್ಲಿ ನಾನು ಒಮ್ಮೆಯೂ ನೋಡಲಿಲ್ಲ. ಆದರೂ ಕಿಟ್‌ನಲ್ಲಿ ಅಡ್ರಿನಲಿನ್ ಇಲ್ಲದೆ ಹೊರಟವಳಲ್ಲ. ಅದು ಬಂದರೆ ನಿಮಿಷಗಳಲ್ಲೇ ಬರುತ್ತದೆ, ಅಡ್ರಿನಲಿನ್ ತಕ್ಷಣ ಹಾಕಿದರೆ ಮಗು ಉಳಿಯುತ್ತದೆ. ನೀವು ದಾರಿಯಲ್ಲಿದ್ದರೆ ಹಾಕುವವರು ಯಾರು?

"ಲಸಿಕೆ ಹಾಕಿಸಿದ ಮಗು ಸಾವು" ಅಂತ ಪೇಪರ್‌ನಲ್ಲಿ ಬರುತ್ತಲ್ಲ, ಅದೆಲ್ಲ ಸುಳ್ಳಾ?

ಸಾವು ಸುಳ್ಳಲ್ಲ. ಕಾರಣ ಏನು ಅನ್ನುವುದು ಆ ತಲೆಬರಹದಲ್ಲಿ ಇರುವುದಿಲ್ಲ.

ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತೀವಲ್ಲ. 2020ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ 1,000 ಮಕ್ಕಳಲ್ಲಿ 28 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡವು. ಅದೇ ವರ್ಷದೊಳಗೆ ಒಂದೊಂದು ಮಗುವೂ ಐದು ಸಲ ಲಸಿಕೆಗೆ ಬರುತ್ತದೆ. ಲಸಿಕೆ ಬದಲು ಬರೀ ನೀರು ಹಾಕಿದ್ದರೂ ಕೆಲವು ಸಾವು ಲಸಿಕೆಯ ಮರುದಿನವೇ ಬೀಳುತ್ತಿದ್ದವು. ಹಾಗಂತ ಪ್ರತಿ ಸಲವೂ ಕಾಗೆಯ ತಪ್ಪಿಲ್ಲ ಅಂತ ಕೈತೊಳೆದುಕೊಳ್ಳುವುದೂ ತಪ್ಪು. ಕೊಂಬೆ ನೋಡಬೇಕು, ಕಾಗೆಯನ್ನೂ ನೋಡಬೇಕು. ತನಿಖೆ ಮಾಡುವವರು ಐದು ಕಾರಣ ಹುಡುಕುತ್ತಾರೆ: ಲಸಿಕೆಯ ಗುಣದಿಂದಲೇ ಆದದ್ದು, ತಯಾರಿಕೆಯಲ್ಲಿ ದೋಷ, ಹಾಕುವವರ ತಪ್ಪು, ಭಯದಿಂದ ತಲೆಸುತ್ತಿ ಬಿದ್ದದ್ದು, ಮತ್ತು ಬೇರೆ ಕಾಯಿಲೆ ಅದೇ ಹೊತ್ತಿಗೆ ಬಂದದ್ದು.

ಮೂರನೆಯದು ನಮ್ಮವರ ತಪ್ಪು. ಅದನ್ನು ಮುಚ್ಚಿಡಬಾರದು. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಎಂಆರ್ ಹಾಕಿಸಿದ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಇಡಬೇಕಾದ ಕಡೆ ಇಡದೆ ನಿರ್ಲಕ್ಷ್ಯ ಮಾಡಿದ್ದು ಮೊದಲ ವಿಚಾರಣೆಯಲ್ಲೇ ಹೊರಬಂತು, ಸಿಬ್ಬಂದಿ ಅಮಾನತಾದರು. 2008ರಲ್ಲಿ ತಮಿಳುನಾಡಿನ ತಿರುವಳ್ಳೂರಿನಲ್ಲೂ ದಡಾರ ಲಸಿಕೆಯ ನಂತರ ನಾಲ್ಕು ಮಕ್ಕಳು ಸತ್ತಿದ್ದವು.

ಇದು ಹೇಗೆ ಆಗುತ್ತೆ ಅಂತ ಹೇಳುತ್ತೇನೆ. ಎಂಆರ್ ಒಣ ಪುಡಿ, ಸೀಸೆಯ ತಳದಲ್ಲಿ ಸಣ್ಣ ಬಿಳಿ ಬಿಲ್ಲೆ ಥರ ಕೂತಿರುತ್ತದೆ. ಅದರ ಜೊತೆಗೇ ಬಂದ ನೀರನ್ನು ಸೇರಿಸಿ ಕಲಸಬೇಕು. ಅದರಲ್ಲಿ ಕೆಡದಂತೆ ಕಾಯುವ ಔಷಧಿ ಇಲ್ಲ. ಒಂದು ಚೂರು ಕೊಳೆ ಹೊಕ್ಕರೂ ಕೀಟಾಣು ಅಲ್ಲೇ ಬೆಳೆದು ವಿಷ ಬಿಡುತ್ತದೆ. ಅದಕ್ಕೇ ಕಲಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಕಲಸಿದ ಗಂಟೆಯನ್ನು ನಾನು ಸೀಸೆ ಮೇಲೆ ಪೆನ್ನಲ್ಲಿ ಬರೆಯುತ್ತಿದ್ದೆ. ಐದು ಡೋಸ್ ಸೀಸೆ ಒಂದೇ ಮಗುವಿಗೆ ಒಡೆದು ನಾಲ್ಕು ಡೋಸ್ ಚೆಲ್ಲಿದ ದಿನ "ವೇಸ್ಟೇಜ್ ಜಾಸ್ತಿ" ಅಂತ ಮೇಲಿನವರಿಂದ ಬೈಸಿಕೊಂಡಿದ್ದೇನೆ. ಬೈದರೆ ಬೈಯಲಿ ಅಂತ ಚೆಲ್ಲಿದೆ.

ಸೀಸೆ ಸರಿ ಇದೆಯಾ ಅಂತ ನಾವೇ ನೋಡಬಹುದಾ?

ಖಂಡಿತ. ಸೀಸೆ ಮೇಲೆ ಒಂದು ನೇರಳೆ ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಚೌಕ ವೃತ್ತಕ್ಕಿಂತ ತೆಳ್ಳಗಿನ ಬಣ್ಣದಲ್ಲಿದ್ದರೆ ಲಸಿಕೆ ಬಿಸಿಗೆ ಕೆಟ್ಟಿಲ್ಲ ಅಂತ. ಎರಡೂ ಒಂದೇ ಬಣ್ಣ ಆದರೆ, ಇಲ್ಲವೇ ಚೌಕವೇ ಕಡುವಾದರೆ ಬಿಸಾಕಬೇಕು. ಇದು ಓದು ಬಾರದವರಿಗೂ ಗೊತ್ತಾಗುತ್ತೆ. ಜೊತೆಗೆ ಕೊನೆ ದಿನಾಂಕ, ಹೊಸ ಸಿರಿಂಜ್ ಕವರ್ ಹರಿಯುವುದು, ಎಂಆರ್ ಆದರೆ ಕಲಸಿದ ಸಮಯ. ನಗುತ್ತಾ ಕೇಳಿ, ತೋರಿಸದ ಸಿಸ್ಟರ್ ಕಡಿಮೆ. ಈ ಚೌಕ ಬಿಸಿ ತಾಗಿದ್ದನ್ನು ಮಾತ್ರ ಹೇಳುತ್ತದೆ. ಪೆಂಟಾ ಥರದ ಲಸಿಕೆ ಹೆಪ್ಪುಗಟ್ಟಿದರೂ ಕೆಡುತ್ತದೆ, ಅದಕ್ಕೆ ನಾವು ಸೀಸೆ ಅಲ್ಲಾಡಿಸಿಟ್ಟು ಚರಟ ಬೇಗ ತಳಕ್ಕೆ ಇಳಿಯುತ್ತಾ ನೋಡುತ್ತೇವೆ.

ಹಾಸನದಲ್ಲಿ ಅಷ್ಟು ಜನ ಹೃದಯಾಘಾತಕ್ಕೆ ಹೋದರಲ್ಲ, ಕೋವಿಡ್ ಲಸಿಕೆಯಿಂದಲೇ ಅಲ್ವಾ?

ಈ ಪ್ರಶ್ನೆ ಬಂದಷ್ಟು ಬೇರೆ ಯಾವುದೂ ಬಂದಿಲ್ಲ. 2025ರ ಮೇ-ಜೂನ್‌ನಲ್ಲಿ ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಮಂದಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು ಅಂತ ಸುದ್ದಿಯಾಯಿತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟು ಹಂಚಿದ್ದೂ ಒಂದು ಕಾರಣ ಇರಬಹುದು ಅಂತ ಬರೆದರು. ಕೇಂದ್ರ ಆರೋಗ್ಯ ಇಲಾಖೆ ಅದನ್ನು ಅಲ್ಲಗಳೆಯಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗ್ಗೆ ಬೆಳಗ್ಗೆಯೇ ಇಸಿಜಿಗೆ ಸಾಲು. ನನ್ನ ತಮ್ಮನೂ ಹೋಗಿ ನಿಂತಿದ್ದ, ಬೀಡಿ ಸೇದುತ್ತಾ.

ತನಿಖೆ ಏನು ಹೇಳಿತು? ರಾಜ್ಯ ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತ್ತು. ಹಠಾತ್ ಸಾವಿಗೂ ಲಸಿಕೆಗೂ ನಂಟು ಕಾಣಲಿಲ್ಲ ಅಂತ ಅವರು ವರದಿ ಕೊಟ್ಟರು. ಅದಕ್ಕೂ ಮೊದಲು, 2023ರಲ್ಲಿ, ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ ಇದನ್ನೇ ಹುಡುಕಿತ್ತು. ಚೆನ್ನಾಗಿದ್ದು, 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್ ನಡುವೆ ಇದ್ದಕ್ಕಿದ್ದಂತೆ ಸತ್ತ 18ರಿಂದ 45 ವಯಸ್ಸಿನವರನ್ನು, ಅದೇ ವಯಸ್ಸಿನ ಬದುಕಿದ್ದವರ ಜೊತೆ ಹೋಲಿಸಿದರು. ಎರಡು ಡೋಸ್ ಹಾಕಿಸಿಕೊಂಡವರಲ್ಲಿ ಅಪಾಯ ಕಡಿಮೆಯೇ ಇತ್ತು. ಜಾಸ್ತಿ ಇದ್ದದ್ದು ಕೋವಿಡ್‌ಗೆ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಇಂಥ ಸಾವು ಇದ್ದವರಲ್ಲಿ, ಸಾಯುವ ಮುಂಚಿನ ಎರಡು ದಿನದಲ್ಲಿ ವಿಪರೀತ ಕುಡಿದವರಲ್ಲಿ, ಮೈಮುರಿಯುವ ಹಾಗೆ ಶ್ರಮ ಅಥವಾ ವ್ಯಾಯಾಮ ಮಾಡಿದವರಲ್ಲಿ.

ಈ ಹೋಲಿಕೆ ಮುಖ್ಯ. "ಸತ್ತವನು ಲಸಿಕೆ ಹಾಕಿಸಿಕೊಂಡಿದ್ದ" ಅಂದರೆ ಸಾಲದು. ಆ ಹೊತ್ತಿಗೆ ಬಹುಪಾಲು ಎಲ್ಲರೂ ಹಾಕಿಸಿಕೊಂಡಿದ್ದರು. ಸತ್ತವನು ಅನ್ನ ತಿನ್ನುತ್ತಿದ್ದ ಅಂದ ಹಾಗೆಯೇ ಅದು.

ಆದರೆ ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುತ್ತೆ ಅಂತ ಕಂಪನಿಯೇ ಒಪ್ಪಿಕೊಂಡಿತಲ್ಲ?

ಹೌದು, ಇದು ನಿಜ. ಕೋವಿಶೀಲ್ಡ್ ಅಂದರೆ ಆಸ್ಟ್ರಾಜೆನೆಕಾ ಲಸಿಕೆಯೇ, ಪುಣೆಯ ಸೀರಂ ಸಂಸ್ಥೆ ತಯಾರಿಸಿದ್ದು. 2021ರ ಮಾರ್ಚ್‌ನಲ್ಲೇ ಯುರೋಪಿನಲ್ಲಿ ಇದು ಕಂಡುಬಂತು. ರಕ್ತ ಅಲ್ಲಲ್ಲಿ ಹೆಪ್ಪುಗಟ್ಟುತ್ತದೆ, ಅದೇ ಹೊತ್ತಿಗೆ ಪ್ಲೇಟ್‌ಲೆಟ್ ಇಳಿಯುತ್ತದೆ. ಇದಕ್ಕೆ ಟಿಟಿಎಸ್ ಅಂತ ಹೆಸರು. ಬ್ರಿಟನ್‌ನಲ್ಲಿ 50 ದಾಟದವರಲ್ಲಿ ಸುಮಾರು 50,000ಕ್ಕೆ ಒಬ್ಬರಿಗೆ ಬಂತು, ಕೆಲವರು ಸತ್ತರು. ಅಲ್ಲಿ ಚಿಕ್ಕ ವಯಸ್ಸಿನವರಿಗೆ ಬೇರೆ ಲಸಿಕೆ ಕೊಡಲು ಶುರುಮಾಡಿದರು. ನಮ್ಮಲ್ಲಿ 2021ರ ಮೇನಲ್ಲಿ ಕೇಂದ್ರದ ಸಮಿತಿ ಕೊಟ್ಟ ಲೆಕ್ಕ ಹತ್ತು ಲಕ್ಷ ಡೋಸ್‌ಗೆ 0.61. ನಮ್ಮ ಹಳ್ಳಿಗಳಲ್ಲಿ ಎಲ್ಲ ಪ್ರಕರಣವೂ ವರದಿಯಾಗುತ್ತೆ ಅಂತ ನಾನಂತೂ ಪ್ರಮಾಣ ಮಾಡಲಾರೆ. ಲಂಡನ್ ಕೋರ್ಟಿನಲ್ಲಿ ಕಂಪನಿ ಬರೆದುಕೊಟ್ಟ ಕಾಗದ 2024ರಲ್ಲಿ ಸುದ್ದಿಯಾದಾಗ ಜನ ಮೊದಲ ಸಲ ಕೇಳಿದವರ ಹಾಗೆ ಬೆಚ್ಚಿದರು. ಮೂರು ವರ್ಷ ಹಿಂದೆಯೇ ಗೊತ್ತಿದ್ದ ವಿಷಯ ಲಸಿಕೆ ಸಾಲಿನಲ್ಲಿ ನಿಂತವರ ಕಿವಿಗೆ ಬಿದ್ದಿರಲಿಲ್ಲ. ಅದು ನಮ್ಮ ವ್ಯವಸ್ಥೆಯ ಸೋಲು ಅಂತಲೇ ನನ್ನ ಅಭಿಪ್ರಾಯ.

ಈಗ ಹೆದರಬೇಕಾ? ಬೇಡ. ಇದು ಬಂದರೆ ಲಸಿಕೆ ಹಾಕಿಸಿದ ಸುಮಾರು ಒಂದೂವರೆ ತಿಂಗಳೊಳಗೆ ಬರುವಂಥದ್ದು. 2021ರಲ್ಲಿ ಹಾಕಿಸಿಕೊಂಡವರು ಇವತ್ತು ಅದಕ್ಕಾಗಿ ರಕ್ತ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ.

ಲಸಿಕೆಯಿಂದ ಆಟಿಸಂ ಬರುತ್ತಂತೆ?

1998ರಲ್ಲಿ ಬ್ರಿಟನ್‌ನ ವೇಕ್‌ಫೀಲ್ಡ್ ಎಂಬ ಡಾಕ್ಟರ್ ದಡಾರ ಇರುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿ 12 ಮಕ್ಕಳ ಮೇಲೆ ಬರೆದ ಲೇಖನದಿಂದ ಹುಟ್ಟಿದ ಭಯ ಇದು. ಮಾಹಿತಿ ತಿರುಚಿದ್ದು ಬಯಲಾಗಿ 2010ರಲ್ಲಿ ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು, ಅದೇ ವರ್ಷ ಅವರ ವೈದ್ಯ ನೋಂದಣಿಯೂ ರದ್ದಾಯಿತು. ಡೆನ್ಮಾರ್ಕ್‌ನಲ್ಲಿ 6.5 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಹಾಕಿಸಿದವರಿಗೂ ಹಾಕಿಸದವರಿಗೂ ವ್ಯತ್ಯಾಸ ಕಾಣಲಿಲ್ಲ. ತೊದಲು ಮಾತು ನಿಂತಿದ್ದು, ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು ಮನೆಯವರ ಗಮನಕ್ಕೆ ಬರುವುದು ಒಂದೂವರೆ ವರ್ಷದ ಆಸುಪಾಸಿನಲ್ಲಿ. ಎಂಆರ್ ಎರಡನೇ ಡೋಸ್ ಹಾಕುವುದೂ ಅದೇ ವಯಸ್ಸಿನಲ್ಲಿ. ಮತ್ತೆ ಕಾಗೆ, ಮತ್ತೆ ಕೊಂಬೆ.

ಲಸಿಕೆಯಲ್ಲಿ ಪಾದರಸ, ಅಲ್ಯೂಮಿನಿಯಂ ಹಾಕ್ತಾರಂತೆ?

ಹಲವು ಡೋಸ್ ಇರುವ ಕೆಲವು ಸೀಸೆಗಳಲ್ಲಿ ಥಯೋಮೆರ್ಸಾಲ್ ಅನ್ನುವ ಪಾದರಸದ ಸಂಯುಕ್ತ ತೀರಾ ಚೂರು ಇರುತ್ತದೆ, ಸೂಜಿ ಮತ್ತೆ ಮತ್ತೆ ಚುಚ್ಚಿದಾಗ ಕೀಟಾಣು ಬೆಳೆಯದಿರಲಿ ಅಂತ. ಮೀನಿನಲ್ಲಿ ಸೇರಿಕೊಳ್ಳುವ ಪಾದರಸ ಬೇರೆ ಬಗೆಯದು, ಅದು ಮೈಯಲ್ಲಿ ಉಳಿಯುತ್ತದೆ. ಇದು ಬೇಗ ಹೊರಹೋಗುತ್ತದೆ. ಅಮೆರಿಕ 2001ರ ಹೊತ್ತಿಗೆ ಮಕ್ಕಳ ಲಸಿಕೆಗಳಿಂದ ಇದನ್ನು ಬಹುತೇಕ ತೆಗೆದಿತ್ತು. ಆಟಿಸಂ ಅದರಿಂದ ಕಡಿಮೆಯಾಗಲಿಲ್ಲ. ಎಂಆರ್, ಬಿಸಿಜಿ, ಪೋಲಿಯೊ ಹನಿಯಲ್ಲಿ ಇದು ಇಲ್ಲವೇ ಇಲ್ಲ. ಅಲ್ಯೂಮಿನಿಯಂ ಲವಣ ಲಸಿಕೆಯ ಕೆಲಸ ಚುರುಕು ಮಾಡಲು ಹಾಕುವುದು, 1930ರ ದಶಕದಿಂದಲೂ ಬಳಕೆಯಲ್ಲಿದೆ. ತೊಡೆಯ ಗಂಟಿಗೆ ಅದೂ ಒಂದು ಕಾರಣ.

ಲಸಿಕೆ ಹಾಕಿಸಿದರೆ ಮಕ್ಕಳಾಗಲ್ಲ ಅಂತಾರೆ.

2017ರ ಫೆಬ್ರವರಿಯಲ್ಲಿ ಎಂಆರ್ ಅಭಿಯಾನ ದೇಶದಲ್ಲೇ ಮೊದಲು ಶುರುವಾದ ಕಡೆಗಳಲ್ಲಿ ನಮ್ಮ ಕರ್ನಾಟಕವೂ ಒಂದು. 9 ತಿಂಗಳಿಂದ 15 ವರ್ಷದವರೆಗಿನ ಎಲ್ಲ ಮಕ್ಕಳಿಗೆ. ಇದೇ ಸುಳ್ಳು ವಾಟ್ಸಾಪ್‌ನಲ್ಲಿ ನಮಗಿಂತ ಮೊದಲು ಸ್ಕೂಲ್ ಗೇಟ್ ತಲುಪಿತ್ತು. ವಿಚಿತ್ರ ನೋಡಿ, ರುಬೆಲ್ಲಾ ಲಸಿಕೆ ಕೊಡುವುದೇ ಮುಂದೆ ಆ ಹುಡುಗಿ ಬಸುರಿಯಾದಾಗ ಹೊಟ್ಟೆಯಲ್ಲಿರುವ ಕೂಸು ಕಿವುಡು, ಕುರುಡು ಆಗದಿರಲಿ ಅಂತ.

ಹಾಗಾದರೆ ಯಾವ ಲಸಿಕೆಯೂ ಕೆಟ್ಟದ್ದು ಅಂತ ಇಲ್ವೇ ಇಲ್ವಾ?

ಇದೆ. ಇದನ್ನು ಕೇಳಿದವರಿಗೆ ನಾನು ಮೊದಲು ನಾಯಿ ಕಡಿತದ ಸೂಜಿ ನೆನಪಿಸುತ್ತೇನೆ. ಹೊಕ್ಕುಳ ಸುತ್ತ 14 ಇಂಜೆಕ್ಷನ್! ನಮ್ಮ ವಯಸ್ಸಿನವರಿಗೆ ಹೆಸರು ಕೇಳಿದರೇ ಹೊಟ್ಟೆ ಕಲಕುತ್ತದೆ. ಅದನ್ನು ಕುರಿಯ ಮೆದುಳಿನ ಅಂಗಾಂಶದಿಂದ ತಯಾರಿಸುತ್ತಿದ್ದರು. 1911ರಲ್ಲಿ ಕಸೌಲಿಯಲ್ಲಿ ಸೆಂಪಲ್ ಎಂಬವರು ಕಂಡುಹಿಡಿದ ವಿಧಾನ. ಕೆಲವು ಸಾವಿರಕ್ಕೆ ಒಬ್ಬರಿಗೆ ನರಕ್ಕೆ ಪೆಟ್ಟು ಬಿದ್ದು ಲಕ್ವ ಹೊಡೆಯುತ್ತಿತ್ತು. ಒಳ್ಳೆಯ ಲಸಿಕೆ ಬಂದು ಎಷ್ಟೋ ವರ್ಷ ಆದರೂ, ಅದು ದುಬಾರಿ ಅಂತ ಬಡವರಿಗೆ ಇದನ್ನೇ ಹಾಕುತ್ತಿದ್ದರು. 2004ರ ಕೊನೆಗೆ ನಿಲ್ಲಿಸಿದರು. ಈಗ ತೋಳಿಗೆ ಹಾಕುವುದು ಬೇರೆಯೇ ಲಸಿಕೆ. ಹಳೇ ಹೆದರಿಕೆಯಿಂದ ನಾಯಿ ಕಚ್ಚಿದಾಗ ಸುಮ್ಮನಿರಬೇಡಿ. ರೇಬಿಸ್ ಬಂದ ಮೇಲೆ ಉಳಿಯುವುದಿಲ್ಲ.

ಹೊರದೇಶಗಳಲ್ಲೂ ಇದೆ. 1955ರಲ್ಲಿ ಅಮೆರಿಕದ ಕಟರ್ ಕಂಪನಿಯ ಪೋಲಿಯೊ ಲಸಿಕೆಯಲ್ಲಿ ವೈರಸ್ ಸರಿಯಾಗಿ ಸತ್ತಿರಲಿಲ್ಲ. ಸುಮಾರು 200 ಮಕ್ಕಳಿಗೆ ಪಾರ್ಶ್ವವಾಯು, 10 ಸಾವು. ಲಸಿಕೆ ತಯಾರಿಕೆ ಮೇಲೆ ಬಿಗಿ ನಿಗಾ ಬಂದದ್ದು ಆ ಪೆಟ್ಟಿನ ಮೇಲೆ. 1998ರಲ್ಲಿ ಅಲ್ಲೇ ಒಪ್ಪಿಗೆ ಪಡೆದ ರೋಟಾಶೀಲ್ಡ್ ಎಂಬ ಹಳೇ ರೋಟಾ ಲಸಿಕೆಯಿಂದ ಸುಮಾರು 10,000ಕ್ಕೆ ಒಂದು ಮಗುವಿಗೆ ಕರುಳು ಸಿಕ್ಕಿಕೊಳ್ಳುತ್ತಿತ್ತು. ಮರುವರ್ಷವೇ ಹಿಂದಕ್ಕೆ ತೆಗೆದುಕೊಂಡರು. ಹತ್ತು ಸಾವಿರಕ್ಕೆ ಒಂದನ್ನೂ ಹಿಡಿಯುವ ಕಣ್ಣು ಇದೆ ಅನ್ನುವುದೇ ನನಗೆ ಧೈರ್ಯ.

ನಮ್ಮ ಮಲೆನಾಡಿನ ಮಂಗನ ಕಾಯಿಲೆ ಲಸಿಕೆಯ ಕಥೆ ಇನ್ನೊಂದು ಥರ. ಅದು ಅಪಾಯಕಾರಿ ಅಂತಲ್ಲ. ನೋವು ಜಾಸ್ತಿ, ಎರಡು ಡೋಸ್ ಆದ ಮೇಲೂ ಮತ್ತೆ ಮತ್ತೆ ಬೂಸ್ಟರ್ ಬೇಕು, ರಕ್ಷಣೆ ಮಾತ್ರ ಕಮ್ಮಿ. 2022ರಲ್ಲಿ ನಿಲ್ಲಿಸಿಬಿಟ್ಟರು. ಉಪಯೋಗ ಇಲ್ಲದ ಲಸಿಕೆಗೆ ಸಣ್ಣ ನೋವೂ ದೊಡ್ಡದೇ.

ಪೋಲಿಯೊ ಹನಿಯಿಂದಲೇ ಪೋಲಿಯೊ ಬರುತ್ತಂತೆ?

ಬರಬಹುದು, ಸುಮಾರು 27 ಲಕ್ಷ ಮೊದಲ ಡೋಸ್‌ಗೆ ಒಂದು. ಹನಿಯಲ್ಲಿ ಬಲ ಕುಗ್ಗಿಸಿದ ಜೀವಂತ ವೈರಸ್ ಇರುತ್ತದೆ. ಅದಕ್ಕೇ ತೊಂದರೆ ಕೊಡುತ್ತಿದ್ದ ಎರಡನೇ ಬಗೆಯ ವೈರಸ್ ಅನ್ನು 2016ರ ಏಪ್ರಿಲ್‌ನಲ್ಲಿ ಹನಿಯಿಂದ ತೆಗೆದರು, ಸತ್ತ ವೈರಸ್‌ನ ಸೂಜಿಯನ್ನು ಚರ್ಮದ ಪದರದೊಳಗೆ ಕೊಡಲು ಶುರುಮಾಡಿದರು.

ಈಗ ಆ ರೋಗಗಳೇ ಇಲ್ಲವಲ್ಲ, ಸುಮ್ನೆ ಯಾಕೆ ರಿಸ್ಕ್?

ಜಪಾನ್ ಹೀಗೇ ಯೋಚಿಸಿತ್ತು. ಅಲ್ಲಿ 1974-75ರಲ್ಲಿ ನಾಯಿಕೆಮ್ಮು ಲಸಿಕೆ ನಂತರ ಎರಡು ಮಕ್ಕಳು ಸತ್ತವು, ಲಸಿಕೆ ಹಾಕಿಸುವುದು ಕುಸಿಯಿತು. 1974ರಲ್ಲಿ ನಾಯಿಕೆಮ್ಮಿನಿಂದ ಒಂದೂ ಸಾವಿರಲಿಲ್ಲ. 1979ರಲ್ಲಿ ಸುಮಾರು 13,000 ಜನರಿಗೆ ಬಂತು, 41 ಸಾವು. ಆಮೇಲೆ ಅವರೇ ಜ್ವರ ಕಡಿಮೆ ತರುವ ಹೊಸ ಲಸಿಕೆ ತಯಾರಿಸಿದರು, ನಮ್ಮ "ಪೇನ್‌ಲೆಸ್" ಬಂದದ್ದು ಆ ದಾರಿಯಲ್ಲಿ. ದೂರು ಹೇಳಿದ ತಾಯ್ತಂದೆಯರಿಂದ ಲಸಿಕೆ ಸುಧಾರಿಸಿತು, ನಿಜ. ಆ ನಡುವಿನ ವರ್ಷಗಳ ಬೆಲೆಯೂ ನಿಜ.

ಶೀತ, ಭೇದಿ ಇದ್ದಾಗ ಹಾಕಿಸಬಹುದಾ? ಯಾರಿಗೆ ಹಾಕಲೇಬಾರದು?

ಮೂಗು ಸುರಿಯುವುದು, ಸಣ್ಣ ಜ್ವರ, ಸಣ್ಣ ಭೇದಿ ಅಡ್ಡಿಯಲ್ಲ. ಜೋರು ಜ್ವರ ಇದ್ದರೆ ಇಳಿಯಲಿ. ಹಿಂದಿನ ಡೋಸ್‌ಗೆ ಜೋರು ಅಲರ್ಜಿ ಆಗಿದ್ದರೆ ಅದೇ ಲಸಿಕೆ ಮತ್ತೆ ಬೇಡ. ರೋಗನಿರೋಧಕ ಶಕ್ತಿ ತೀರಾ ಕುಸಿದವರಿಗೆ, ಬಸುರಿಯರಿಗೆ ಎಂಆರ್ ಥರದ ಜೀವಂತ ಲಸಿಕೆ ಬೇಡ. ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ತೋರಿಸದೆ ಪೆಂಟಾ ಆಗಲಿ, ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಆಗಲಿ ಹಾಕಿಸಬೇಡಿ.

ಬೇಡ ಅನ್ನುವ ಹಕ್ಕು ನನಗಿಲ್ವಾ? ಏನಾದರೂ ಆದರೆ ಪರಿಹಾರ ಯಾರು ಕೊಡ್ತಾರೆ?

ಕೋವಿಡ್ ಲಸಿಕೆ ವಿಷಯದಲ್ಲಿ 2022ರ ಮೇ 2ರಂದು ಸುಪ್ರೀಂ ಕೋರ್ಟ್ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಅಂದಿತು. ಅಡ್ಡಪರಿಣಾಮದ ವರದಿಗಳು ಜನರಿಗೆ ಸಿಗುವಂತೆ ಮಾಡಿ ಅಂತಲೂ ಹೇಳಿತು. ಪರಿಹಾರದ ವಿಷಯ ಮಾತ್ರ ಬೇಸರದ್ದು. ಲಸಿಕೆ ನಂತರ ಹೆಣ್ಣುಮಕ್ಕಳನ್ನು ಕಳೆದುಕೊಂಡ ತಾಯ್ತಂದೆಯರು ಕೋರ್ಟಿಗೆ ಹೋದಾಗ, 2022ರ ನವೆಂಬರ್‌ನಲ್ಲಿ ಕೇಂದ್ರ ತಾನು ಹೊಣೆಯಲ್ಲ, ಸಿವಿಲ್ ದಾವೆ ಹೂಡಲಿ ಅಂತ ಬರೆದುಕೊಟ್ಟಿತು. ಬ್ರಿಟನ್‌ನಲ್ಲಿ 1979ರಿಂದಲೇ ಇದಕ್ಕೊಂದು ಪರಿಹಾರ ಯೋಜನೆ ಇದೆ. ಊರಿನ ಒಳ್ಳೆಯದಕ್ಕೆ ತೋಳು ಕೊಟ್ಟವರಿಗೆ ಲಕ್ಷಕ್ಕೊಂದು ಪೆಟ್ಟು ಬಿದ್ದರೆ ಊರೇ ನೋಡಿಕೊಳ್ಳಬೇಕಲ್ಲವೇ?

ಒಪ್ಪಿಗೆಯ ವಿಷಯದಲ್ಲಿ ನಾವು ಎಡವಿದ್ದೂ ಇದೆ. 2009-10ರಲ್ಲಿ ಆಗ ಆಂಧ್ರದಲ್ಲಿದ್ದ ಖಮ್ಮಂ, ಗುಜರಾತಿನ ವಡೋದರಾದಲ್ಲಿ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಪ್ರಯೋಗ ನಡೆಯಿತು. ಏಳು ಹುಡುಗಿಯರು ಸತ್ತರು. ನೀರಲ್ಲಿ ಮುಳುಗಿದ್ದು, ಹಾವು ಕಡಿದದ್ದು, ಮಲೇರಿಯಾ, ಹೀಗೆ ಬೇರೆ ಕಾರಣಗಳಿದ್ದವು, ಲಸಿಕೆಗೆ ಸಂಬಂಧ ಕಾಣಲಿಲ್ಲ. ಆದರೆ ಎಷ್ಟೋ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಅಪ್ಪ-ಅಮ್ಮನ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಒಳ್ಳೆಯ ಲಸಿಕೆಯ ಹೆಸರು ಆ ಸಹಿಗಳಿಂದ ವರ್ಷಗಟ್ಟಲೆ ಕೆಟ್ಟಿತು.

ತೊಂದರೆ ಆದರೆ ಎಲ್ಲಿ ಹೇಳಬೇಕು?

ಮೊದಲು ಆಶಾ, ಸಿಸ್ಟರ್, ಪಿಎಚ್‌ಸಿ ಡಾಕ್ಟರ್. ಸಾವು, ಆಸ್ಪತ್ರೆ ಸೇರುವಂಥದ್ದು ಆದರೆ ಅವರು 24 ಗಂಟೆಯೊಳಗೆ ಮೇಲಕ್ಕೆ ವರದಿ ಮಾಡಬೇಕು, ಜಿಲ್ಲಾ ಸಮಿತಿ ತನಿಖೆ ಮಾಡಬೇಕು. ಪ್ರೈವೇಟ್‌ನಲ್ಲಿ ಹಾಕಿಸಿದ್ದರೂ ಇದೇ ನಿಯಮ. ಅವರು ಕೇಳದಿದ್ದರೆ ಔಷಧ ಅಡ್ಡಪರಿಣಾಮ ವಿಭಾಗದ ಉಚಿತ ಸಂಖ್ಯೆ 1800-180-3024ಕ್ಕೆ ನೀವೇ ಫೋನ್ ಮಾಡಬಹುದು. ತಾಯಿ ಕಾರ್ಡ್ ಎಸೆಯಬೇಡಿ, ಯಾವ ದಿನ ಏನು ಹಾಕಿದರು ಅನ್ನುವುದಕ್ಕೆ ಅದೇ ಸಾಕ್ಷಿ.

ಕೇಳಿದರೆ ಸಿಸ್ಟರ್ ಬೈತಾರೆ. ಏನು ಮಾಡೋದು?

ಬೈದವಳಲ್ಲಿ ನಾನೂ ಒಬ್ಬಳು. ಕೆಲಸಕ್ಕೆ ಸೇರಿದ ಮೂರನೇ ವರ್ಷ. ಒಬ್ಬ ತಾಯಿ ಕೂಸು ಎತ್ತಿಕೊಂಡು ಬಂದು, "ಸಿಸ್ಟರಮ್ಮ, ಹೋದ ಸಲ ಸೂಜಿ ಹಾಕಿಸಿದ ಸಂಜೆ ಇದು ಕಣ್ಣು ಮೇಲೆ ಮಾಡ್ಕೊಂಡು ಜೋತು ಬಿದ್ದಿತ್ತು" ಅಂದಳು. ಹೊರಗೆ ನಲವತ್ತು ಜನ ಸಾಲು, ಐಸ್ ಕರಗುತ್ತಿದೆ. "ಏನೂ ಆಗಲ್ಲ, ಕಾಲು ಹಿಡ್ಕೊ" ಅಂತ ಗದರಿ ಹಾಕಿಬಿಟ್ಟೆ. ಮಗುವಿಗೆ ಅವತ್ತು ಏನೂ ಆಗಲಿಲ್ಲ. ಆದರೆ ಆ ತಾಯಿ ಮತ್ತೆ ಬರಲಿಲ್ಲ. ಎರಡನೇ ಹೆರಿಗೆಯಾದ ಮೇಲೆ ನಾನೇ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದು "ಆಗಲ್ಲ ಅಂದ್ರಲ್ಲ, ನೀವು ನೋಡಿದ್ರಾ?" ಅಂದಳು. ನಾನು ನೋಡಿರಲಿಲ್ಲ, ಕೇಳಿಯೂ ಇರಲಿಲ್ಲ. ಅವಳು ಹೇಳಿದ್ದು ಪೆಂಟಾ, ಡಿಪಿಟಿ ನಂತರ ಅಪರೂಪಕ್ಕೆ ಆಗುವಂಥದ್ದೇ. ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ, ಆದರೆ ಡಾಕ್ಟರ್ ನೋಡಲೇಬೇಕಿತ್ತು. ಅವಳ ನಂಬಿಕೆ ಮತ್ತೆ ಗಳಿಸಲು ನಾಲ್ಕು ಭೇಟಿ ಬೇಕಾಯಿತು. ಮೂರು ಸಲ ಸುಮ್ಮನೆ ಕೂತು ಮಜ್ಜಿಗೆ ಕುಡಿದು ಬಂದೆ, ನಾಲ್ಕನೇ ಸಲ ಡಾಕ್ಟರನ್ನು ಕರೆದುಕೊಂಡು ಹೋದೆ.

ನೀವು ಹೋಗುವಾಗ ಹೋದ ಸಲ ಏನಾಯ್ತು, ಎಷ್ಟು ಹೊತ್ತಿಗೆ ಆಯ್ತು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಸೂಜಿ ಕೈಗೆತ್ತಿಕೊಳ್ಳುವ ಮೊದಲೇ ಕೊಡಿ. ಗದ್ದಲದಲ್ಲಿ ಮಾತು ಕೇಳಿಸದಿದ್ದರೂ ಚೀಟಿ ಓದುತ್ತಾರೆ.